ಕೆರೆಯ ಕೊರಮೀನಿಗೆ ‘ಬಾಸ್’ ಫ್ಲೈ ಲೈನ್: ಯಾವುದು ತಗೋಬೇಕು, ಹೇಗೆ ಆರಿಸಬೇಕು

ಫ್ಲೈ ಗಾಳ, ಅಂದರೆ ಪುಕ್ಕ-ಕೂದಲು ಸುತ್ತಿದ ಹುಸಿ ಹುಳ ಎಸೆದು ಮೀನು ಹಿಡಿಯುವುದನ್ನು ಶುರು ಮಾಡಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ರಾಡ್ ತಂದಾಯಿತು, ರೀಲ್ ಬಂತು, ಇನ್ನು ಲೈನ್ ಯಾವುದು ಹಾಕಲಿ? ಆನ್‌ಲೈನ್‌ನಲ್ಲಿ ಹುಡುಕಿದರೆ ಟ್ರೌಟ್ ಲೈನ್, ಬಾಸ್ ಲೈನ್, ಬೋನ್‌ಫಿಶ್ ಲೈನ್ ಅಂತ ಹತ್ತಾರು ಬಗೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳಲ್ಲಿ ಟ್ರೌಟೂ ಇಲ್ಲ, ಬಾಸೂ ಇಲ್ಲ. ಹಾಗಾದರೆ ಯಾವ ಡಬ್ಬಿಗೆ ಕೈ ಹಾಕುವುದು?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕೊರಮೀನಿಗೆ, ಅಂದರೆ ಮುರ್ರೆಲ್‌ಗೆ ಹೊರಟಿದ್ದರೆ ಬಾಸ್ ಅಂತ ಬರೆದಿರುವ, ತೇಲುವ ಲೈನ್ ತಗೊಳ್ಳಿ. ಅದರ ತೂಕ ಹೇಳುವ ನಂಬರ್ 7 ಅಥವಾ 8 ಇರಲಿ. ಇನ್ನು ಮುಂದಿನದೆಲ್ಲ ಅದು ಯಾಕೆ, ಮತ್ತು ಅದರಲ್ಲೂ ತಪ್ಪು ಲೈನ್ ತರದಿರುವುದು ಹೇಗೆ ಅನ್ನುವುದಷ್ಟೇ.

ಲಾರ್ಜ್‌ಮೌತ್ ಬಾಸ್ ಉತ್ತರ ಅಮೆರಿಕದ ಸಿಹಿನೀರಿನ ಮೀನು. ಬೆಚ್ಚಗಿನ ನೀರು ಬೇಕು. ಎಲೆಗಳ ನೆರಳು, ಜೊಂಡಿನ ಅಂಚು, ಮುಳುಗಿದ ಮರದ ಸಂದಿಯಲ್ಲಿ ಹೊಂಚು ಹಾಕಿ ಕೂರುತ್ತದೆ. ಮೇಲೆ ಕಪ್ಪೆಯೋ ಮರಿಮೀನೋ ಹಾದರೆ ಒಂದೇ ಏಟಿಗೆ ನುಂಗುತ್ತದೆ. ಕೊರಮೀನಿನ ಚಾಳಿಯೂ ಹೆಚ್ಚುಕಡಿಮೆ ಇದೇ ಅಲ್ವಾ? ಹಾಗಾಗಿ ಬಾಸ್‌ಗೆ ಕಟ್ಟುವ ದಪ್ಪ ಫ್ಲೈಗಳೇ ಇದಕ್ಕೂ ಆಗುತ್ತವೆ. ಆ ಫ್ಲೈ ಹೊತ್ತೊಯ್ಯಲು ಮಾಡಿದ ಲೈನೇ ನಮಗೂ ಸರಿ. ಬಾಸ್ ಮರಿಯನ್ನೇ ತಂದು ಕೆರೆಗೆ ಬಿಟ್ಟರೆ ಹೇಗೆ ಅಂತ ಕೇಳುವವರೂ ಇದ್ದಾರೆ. ದಯವಿಟ್ಟು ಬೇಡ. ಹೊರಗಿನ ಮೀನು ಬಿಟ್ಟು ಹಾಳಾದ ಕೆರೆಗಳು ಈಗಾಗಲೇ ಸಾಕಷ್ಟಿವೆ.

ಶುರು ಮಾಡುವ ಮುಂಚೆ

ಕೆರೆ ಯಾರಿಗೆ ಗುತ್ತಿಗೆಯಾಗಿದೆ ಅಂತ ಕೇಳಿ. ದೊಡ್ಡ ಕೆರೆಗಳ ಮೀನು ಹಕ್ಕನ್ನು ಮೀನುಗಾರಿಕೆ ಇಲಾಖೆ, ಸಣ್ಣವುಗಳದ್ದನ್ನು ಗ್ರಾಮ ಪಂಚಾಯಿತಿ ಗುತ್ತಿಗೆ ಕೊಡುತ್ತದೆ. ಗುತ್ತಿಗೆ ಹಿಡಿದವರು ದುಡ್ಡು ಹಾಕಿ ಮರಿ ಬಿಟ್ಟಿರುತ್ತಾರೆ. ‘ನಮಗೆ ನಿಮ್ಮ ಕಾಟ್ಲಾ ಬೇಡ ಅಣ್ಣ, ಕೊರಮೀನು ಮಾತ್ರ, ಅದನ್ನೂ ಬಿಟ್ಟು ಹೋಗ್ತೀವಿ’ ಅಂತ ಕೇಳಿಕೊಂಡರೆ ಎಷ್ಟೋ ಜನ ಒಪ್ಪುತ್ತಾರೆ. ಕೊರಮೀನು ಮರಿ ತಿನ್ನುವ ಮೀನು, ಅವರಿಗೂ ಅದರ ಮೇಲೆ ಅಷ್ಟೇನೂ ಪ್ರೀತಿ ಇರುವುದಿಲ್ಲ. ಒಪ್ಪದಿದ್ದರೆ ಬೇರೆ ಕೆರೆ ನೋಡಿ. ಕುಡಿಯುವ ನೀರಿನ ಕೆರೆಗಳಲ್ಲಿ ಕಾವಲು ಇರುತ್ತದೆ, ಅಲ್ಲಿ ಕೇಳದೆ ಇಳಿಯಬೇಡಿ.

ಇನ್ನೊಂದು ಮಾತು. ನೀರಿನ ಮೇಲ್ಮೈಯಲ್ಲಿ ಕೆಂಪುಛಾಯೆಯ ಮರಿಗಳ ಗುಂಪು ಕುದಿಯುವ ಹಾಗೆ ಏಳುತ್ತಾ ಮುಳುಗುತ್ತಾ ಇದ್ದರೆ ಕೆಳಗೆ ತಾಯಿ-ತಂದೆ ಕಾವಲಿದ್ದಾವೆ ಅಂತ ಅರ್ಥ. ಅಲ್ಲಿಗೆ ಫ್ಲೈ ಎಸೆಯಬೇಡಿ. ಎಸೆದರೆ ಖಂಡಿತ ಕಚ್ಚುತ್ತದೆ, ಆದರೆ ದೊಡ್ಡ ಮೀನು ಹೋದರೆ ಮರಿಗಳು ಉಳಿಯುವುದಿಲ್ಲ.

1. ಮೊದಲು ಫ್ಲೈ, ಆಮೇಲೆ ಲೈನ್ ನಂಬರ್

ಮಾಮೂಲಿ ಗಾಳದಲ್ಲಿ ಸೀಸದ ಗುಂಡಿನ ಭಾರ ತೆಳ್ಳನೆಯ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಗಾಳದಲ್ಲಿ ಇದು ಉಲ್ಟಾ. ಫ್ಲೈ ಅಂದರೆ ಪುಕ್ಕ, ಕೂದಲು, ಫೋಮ್ ಸುತ್ತಿ ಹುಳವೋ ಕಪ್ಪೆಯೋ ಅನ್ನಿಸುವಂತೆ ಮಾಡಿದ ಗಾಳ. ಅದಕ್ಕೆ ತೂಕವೇ ಇಲ್ಲ. ಭಾರ ಇರುವುದು ಲೈನ್‌ನಲ್ಲಿ. ಎತ್ತಿನ ಗಾಡಿಯವರ ಚಾವಟಿ ನೋಡಿದ್ದೀರಲ್ಲ, ಬುಡದ ದಪ್ಪದಿಂದ ಹೊರಟ ಬಲ ತೆಳ್ಳನೆಯ ತುದಿಗೆ ಬಂದು ಸಿಡಿಯುತ್ತದೆ. ಫ್ಲೈ ಲೈನ್ ಕೆಲಸ ಮಾಡುವುದೂ ಹಾಗೆಯೇ.

ಆದ್ದರಿಂದ ಪ್ರಶ್ನೆ ಶುರುವಾಗಬೇಕಾದ್ದು ರಾಡ್‌ನಿಂದಲ್ಲ, ಫ್ಲೈನಿಂದ. ನೀವು ಎಸೆಯುವ ಫ್ಲೈ ಗಾಳಿಗೆ ಎಷ್ಟು ಅಡ್ಡ ನಿಲ್ಲುತ್ತದೆ?

ಹೆಬ್ಬೆಟ್ಟಿನಷ್ಟು ದಪ್ಪದ ಫೋಮ್ ಕಪ್ಪೆ, 1/0 ಅಳತೆಯ ಗಾಳದ ಕೊಕ್ಕೆಗೆ ಕಟ್ಟಿದ್ದು ಅಂತಿಟ್ಟುಕೊಳ್ಳಿ. ಅದಕ್ಕೆ 8ನೇ ನಂಬರ್ ಬೇಕು. ಸಣ್ಣ ಪಾಪರ್, ಅಂದರೆ ಎಳೆದರೆ ‘ಪಳಕ್’ ಅಂತ ಸದ್ದು ಮಾಡುವ ತೇಲು ಫ್ಲೈ, ಇಲ್ಲವೇ ಮರಿಮೀನಿನಂಥ ತೆಳ್ಳನೆ ಸ್ಟ್ರೀಮರ್ ಆದರೆ 7 ಸಾಕು. ಬರೀ ಜಿಲೇಬಿ ಮೀನಿಗೆ ಉಗುರಿನಷ್ಟು ಫ್ಲೈ ಎಸೆಯುವವರಿಗೆ 5ನೇ ನಂಬರೇ ಚೆನ್ನ, ಅವರಿಗೆ ಬಾಸ್ ಲೈನ್ ಬೇಕಾಗಿಲ್ಲ.

ಜಾಸ್ತಿ ಜನ ಎಡವುವುದು ಇಲ್ಲೇ. ಹೊಸಬರಿಗೆ ಅಂತ ಅಂಗಡಿಯವರು 5ನೇ ನಂಬರಿನ ಪೂರ್ತಿ ಸೆಟ್ ಮಾರುತ್ತಾರೆ. ಅದು ಟ್ರೌಟ್ ಹಿಡಿಯುವವರ ಲೆಕ್ಕ. ಅದಕ್ಕೆ ದೊಡ್ಡ ಕಪ್ಪೆ ಕಟ್ಟಿದರೆ ಫ್ಲೈ ಅರ್ಧ ದಾರಿಯಲ್ಲೇ ಕುಸಿಯುತ್ತದೆ, ಇಲ್ಲವೇ ಬಂದು ನಿಮ್ಮ ಕಿವಿಗೇ ತಾಗುತ್ತದೆ. ಆಗ ಎಸೆಯುವ ಕೈಯನ್ನು ಬೈದು ಪ್ರಯೋಜನವಿಲ್ಲ.

2. ಡಬ್ಬಿ ಮೇಲಿನ ಬರಹ ಓದಲು ಕಲಿಯಿರಿ

ಡಬ್ಬಿ ಮೇಲೆ ‘ಡಬ್ಲ್ಯುಎಫ್-8-ಎಫ್’ ಅಂತ ಇರುತ್ತದೆ. ಮೊದಲ ಎರಡು ಅಕ್ಷರ ಲೈನ್‌ನ ಆಕಾರ, ನಡುವಿನ ಅಂಕಿ ತೂಕದ ನಂಬರ್, ಕೊನೆಯ ಅಕ್ಷರ ತೇಲುತ್ತದೋ ಮುಳುಗುತ್ತದೋ ಅನ್ನುವುದು.

ಡಬ್ಲ್ಯುಎಫ್ ಅಂದರೆ ವೇಟ್ ಫಾರ್ವರ್ಡ್, ಭಾರವೆಲ್ಲ ಮುಂದಿನ ಭಾಗದಲ್ಲಿ. ಡಿಟಿ ಅಂದರೆ ಡಬಲ್ ಟೇಪರ್, ನಡುವೆ ಒಂದೇ ಸಮ ದಪ್ಪ, ಎರಡೂ ತುದಿ ಸಣ್ಣ. ಎಲ್ ಅಂದರೆ ಉದ್ದಕ್ಕೂ ಒಂದೇ ದಪ್ಪ. ಅಗ್ಗದ್ದು ಅಂತ ಅದನ್ನು ತರಬೇಡಿ. ಕೊನೆಯಲ್ಲಿ ಎಫ್ ಇದ್ದರೆ ತೇಲುವುದು, ಎಸ್ ಇದ್ದರೆ ಮುಳುಗುವುದು, ಐ ಇದ್ದರೆ ಇಂಟರ್‌ಮೀಡಿಯೇಟ್, ಅಂದರೆ ನಿಧಾನಕ್ಕೆ ಇಳಿಯುವುದು. ಎಫ್ ಬಾರ್ ಎಸ್ ಅಂತಿದ್ದರೆ ಮುಂದಿನ ತುದಿ ಮಾತ್ರ ಮುಳುಗುತ್ತದೆ.

3. ಹೆಡ್ ಉದ್ದ ನೋಡಿ

ನಂಬರಿಗಿಂತ ಇದು ಮುಖ್ಯ, ಆದರೆ ಇದನ್ನು ನೋಡುವವರು ಕಡಿಮೆ. ವೇಟ್ ಫಾರ್ವರ್ಡ್ ಲೈನ್‌ನ ಮುಂದಿನ ದಪ್ಪ ಭಾಗಕ್ಕೆ ಹೆಡ್ ಅನ್ನುತ್ತಾರೆ. ಅದರ ಹಿಂದಿನ ತೆಳ್ಳನೆಯ ಉದ್ದ ಭಾಗ ರನ್ನಿಂಗ್ ಲೈನ್. ಇಡೀ ಲೈನ್ ಸಾಮಾನ್ಯವಾಗಿ 90ರಿಂದ 100 ಅಡಿ. ದಪ್ಪದಿಂದ ಸಣ್ಣಕ್ಕೆ ಇಳಿಯುವ ಬಗೆಗೆ ಟೇಪರ್ ಅನ್ನುತ್ತಾರೆ.

ಟ್ರೌಟ್ ಲೈನ್‌ನಲ್ಲಿ ಮುಂದಿನ ಟೇಪರ್ ಉದ್ದ. ಬಲ ಮೆಲ್ಲಗೆ ಕರಗಿ, ಫ್ಲೈ ನೀರಿನ ಮೇಲೆ ಸದ್ದಿಲ್ಲದೆ ಕೂರುತ್ತದೆ. ಬಾಸ್ ಲೈನ್‌ನಲ್ಲಿ ಅದು ಗಿಡ್ಡ, ಭಾರವೆಲ್ಲ ತುದಿಯ ಹತ್ತಿರಕ್ಕೇ ಬಂದಿರುತ್ತದೆ. ಆ ಬಲ ಕೊನೆವರೆಗೂ ಉಳಿದು ದಪ್ಪ ಫ್ಲೈಯನ್ನು ಮಗುಚಿ ಹಾಕುತ್ತದೆ. ನೀರಿಗೆ ‘ದೊಪ್’ ಅಂತ ಬೀಳುತ್ತದೆ ನಿಜ. ಕೊರಮೀನಿಗೆ ಆ ಸದ್ದು ಕಪ್ಪೆ ಹಾರಿದ ಹಾಗೆ, ಅದೇನೂ ತೊಂದರೆಯಲ್ಲ.

ಇದರ ನಿಜವಾದ ಲಾಭ ಗೊತ್ತಾಗುವುದು ಏರಿಯ ಮೇಲೆ ನಿಂತಾಗ. ಮುಂದೆ ನೀರು, ಕಾಲಡಿ ಕಲ್ಲು, ಬೆನ್ನ ಹಿಂದೆ ಜಾಲಿ ಮುಳ್ಳು. ಹಿಂದಕ್ಕೆ ಉದ್ದ ಲೈನ್ ಬಿಡಲು ಜಾಗವೇ ಇಲ್ಲ. ಹೆಡ್ ಗಿಡ್ಡ ಇದ್ದರೆ ಸ್ವಲ್ಪ ಲೈನ್ ಹೊರಗಿದ್ದರೂ ರಾಡ್ ಬಾಗುತ್ತದೆ. ಒಮ್ಮೆ ಹಿಂದೆ, ಒಮ್ಮೆ ಮುಂದೆ, ಮುಗಿಯಿತು. ಮೀನು ಉಸಿರಿಗೆ ಮೇಲೆ ಬಂದು ನೀರು ಕಲಕಿದ್ದು ಕಂಡಿತು ಅಂದುಕೊಳ್ಳಿ. ಕೊರಮೀನು ಗಾಳಿ ನುಂಗಲು ಆಗಾಗ ಮೇಲೆ ಬರಲೇಬೇಕು. ಆ ಜಾಗಕ್ಕೆ ತಕ್ಷಣ ಫ್ಲೈ ಹಾಕಬೇಕು. ಗಾಳಿಯಲ್ಲಿ ನಾಲ್ಕೈದು ಸಲ ಆಡಿಸುತ್ತಾ ನಿಂತರೆ ಮೀನು ಬೇರೆ ಕಡೆ ಹೋಗಿರುತ್ತದೆ.

ನನ್ನ ಅಭಿಪ್ರಾಯದಲ್ಲಿ ಹೆಡ್ 30ರಿಂದ 38 ಅಡಿ ಒಳಗಿರಲಿ. 50 ಅಡಿ ಹೆಡ್‌ನ ಲೈನ್ ‘ದೂರ ಹೋಗುತ್ತದೆ’ ಅಂತ ಮಾರುತ್ತಾರೆ. ಕೊರಮೀನು ಸಿಗುವುದು ಹೆಚ್ಚಾಗಿ ದಡದಿಂದ 30-40 ಅಡಿ ಒಳಗೆ, ಎಲೆಗಳ ಸಂದಿಯಲ್ಲಿ. ಅಷ್ಟು ದೂರ ಯಾಕೆ ಎಸೆಯಬೇಕು? ಸೈಂಟಿಫಿಕ್ ಆಂಗ್ಲರ್ಸ್, ರಿಯೋ, ಕಾರ್ಟ್‌ಲ್ಯಾಂಡ್ ಮುಂತಾದ ಕಂಪನಿಗಳೆಲ್ಲ ಬಾಸ್ ಲೈನ್ ಮಾಡುತ್ತವೆ. ಹೆಸರು ನೋಡಿ ಕೊಳ್ಳಬೇಡಿ. ಡಬ್ಬಿಯ ಹಿಂದೆ ಲೈನ್‌ನ ಚಿತ್ರ ಇರುತ್ತದೆ, ಅದರಲ್ಲಿ ಹೆಡ್ ಉದ್ದವನ್ನೂ ಕೊಟ್ಟಿರುತ್ತಾರೆ. ಅದನ್ನು ಓದಿ.

4. ತೂಗಿ ನೋಡಿ

ಲೈನ್ ನಂಬರ್ ಸುಮ್ನೆ ಇಟ್ಟ ಅಂಕಿಯಲ್ಲ. ಅಮೆರಿಕದ ಗಾಳ ಸಾಮಾನು ತಯಾರಕರ ಸಂಘ ಮಾಡಿದ ಅಳತೆ ಅದು. ತುದಿಯಲ್ಲಿರುವ ಗೇಣುದ್ದದ ಸಮ ಭಾಗ ಬಿಟ್ಟು, ಮುಂದಿನ 30 ಅಡಿ ಎಷ್ಟು ತೂಗುತ್ತದೆ ಅನ್ನುವುದರ ಮೇಲೆ ನಂಬರ್ ನಿಂತಿದೆ. ತೂಕ ಗ್ರೇನ್ ಲೆಕ್ಕದಲ್ಲಿ. 5ನೇ ನಂಬರ್ 140 ಗ್ರೇನ್, 6 ಆದರೆ 160, 7 ಆದರೆ 185, 8 ಆದರೆ 210, 9 ಆದರೆ 240. ನಮ್ಮ ಗ್ರಾಂಗೆ ತಂದರೆ 7ನೇ ನಂಬರ್ ಸುಮಾರು 12 ಗ್ರಾಂ, 8ನೇದು 13.6 ಗ್ರಾಂ, 9ನೇದು 15.5 ಗ್ರಾಂ.

ಕಷ್ಟ ಏನೆಂದರೆ ಎಲ್ಲ ಕಂಪನಿಯೂ ಇದನ್ನು ಕಟ್ಟುನಿಟ್ಟಾಗಿ ಪಾಲಿಸುವುದಿಲ್ಲ. ಬಾಸ್ ಲೈನ್‌ಗಳಂತೂ ಬರೆದ ನಂಬರಿಗಿಂತ ಅರ್ಧವೋ ಒಂದೋ ನಂಬರ್ ಜಾಸ್ತಿಯೇ ತೂಗುವುದುಂಟು. ದಪ್ಪ ಫ್ಲೈ ಹೊರಲಿ ಅಂತ ಬೇಕೆಂದೇ ಹಾಗೆ ಮಾಡಿರುತ್ತಾರೆ. ‘ರಾಡ್ ಮೇಲಿನ ನಂಬರ್ 8 ಇದ್ದರೆ 9ನೇ ಲೈನ್ ಹಾಕಿ, ಸುಲಭ ಆಗುತ್ತೆ’ ಅನ್ನುವ ಹಳೆಯ ಸಲಹೆ ಈಗ ಎಡವಟ್ಟಾಗುವುದು ಅದಕ್ಕೇ. 8 ಅಂತ ಬರೆದದ್ದೇ 9ರ ತೂಕ ಇರಬಹುದು. ಅದರ ಮೇಲೆ ನೀವು 9 ತಂದರೆ ರಾಡ್ ಪಾಡು ಕೇಳಬೇಡಿ.

ತೂಗುವುದು ಸುಲಭ. ಚಿನ್ನ ಬೆಳ್ಳಿ ತೂಗುವ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಪರಿಚಯದ ಅಕ್ಕಸಾಲಿಗರಿದ್ದರೆ ಇನ್ನೂ ಒಳ್ಳೆಯದು. ನೆಲದ ಮೇಲೆ 9 ಮೀಟರ್ 14 ಸೆಂಟಿಮೀಟರ್ ಅಳತೆ ಗುರುತು ಮಾಡಿ. ಹೊಸ ಲೈನ್‌ನ ಮುಂದಿನ ತುದಿಯ ಆ ಗೇಣುದ್ದ ಬಿಟ್ಟು ಅಷ್ಟನ್ನು ಬಿಚ್ಚಿ, ಅಂಗೈ ಅಗಲದ ಸುರುಳಿ ಮಾಡಿ ತಟ್ಟೆಯಲ್ಲಿಡಿ. ಉಳಿದ ಲೈನ್ ಇರುವ ಡಬ್ಬಿಯನ್ನು ತಟ್ಟೆಯ ಮಟ್ಟಕ್ಕೇ, ಪಕ್ಕದಲ್ಲೇ ಒಂದು ಪುಸ್ತಕದ ಮೇಲಿಡಿ. ಲೈನ್ ಕೆಳಗೆ ಜೋತುಬಿದ್ದರೆ ಅದೂ ತೂಕಕ್ಕೆ ಸೇರುತ್ತದೆ. ಫ್ಯಾನ್ ಆಫ್ ಮಾಡಿ. 13.1ರಿಂದ 14.1 ಗ್ರಾಂ ಒಳಗೆ ಬಂದರೆ ಅದು ಅಚ್ಚುಕಟ್ಟಾದ 8. 15.5ಕ್ಕೆ ಬಂದರೆ ಅದು 9, ಡಬ್ಬಿ ಏನೇ ಹೇಳಲಿ.

ನಿಮ್ಮ ರಾಡ್ ಬಿಗಿಯಾಗಿದ್ದು ತುದಿ ಮಾತ್ರ ಬಾಗುವಂಥದ್ದಾದರೆ ಸ್ವಲ್ಪ ಭಾರದ ಲೈನ್ ಒಳ್ಳೆಯದೇ. ಹಿಡಿಯ ತನಕ ಬಾಗುವ ಮೆತ್ತನೆ ರಾಡ್ ಆದರೆ ನಿಖರ ತೂಕದ್ದೇ ಇರಲಿ.

5. ತೇಲುವುದೇ ಮೊದಲು

‘ಮೀನು ಕೆಳಗಿರುತ್ತೆ, ಹಾಗಾಗಿ ಮುಳುಗುವ ಲೈನ್’ ಅನ್ನುವ ತರ್ಕ ಕೇಳಲು ಸರಿ ಅನಿಸುತ್ತದೆ. ಆದರೆ ನಮ್ಮ ಕಡೆಯ ಕೆರೆಗಳಲ್ಲಿ ಹೂಳು ತುಂಬಿದೆ, ಅಂಚಿನಲ್ಲಿ ನೀರು ಸೊಂಟದಷ್ಟೂ ಇರುವುದಿಲ್ಲ. ಮುಳುಗುವ ಲೈನ್ ನೇರವಾಗಿ ಹೋಗಿ ಜೊಂಡಿನ ಬುಡಕ್ಕೋ ಜಾಲಿ ಮೋಟಿಗೋ ಸುತ್ತಿಕೊಳ್ಳುತ್ತದೆ. ತೇಲುವ ಲೈನ್‌ಗೆ ಸ್ವಲ್ಪ ಭಾರ ಇರುವ ಫ್ಲೈ ಕಟ್ಟಿದರೆ ನಾಲ್ಕೈದು ಅಡಿ ಆಳದವರೆಗೂ ಸಂಭಾಳಿಸಬಹುದು.

ಆಳ ಇರುವ ಜಲಾಶಯಕ್ಕೆ ಹೋಗುವವರು ಎರಡನೇ ಲೈನ್ ಅಂತ ಇಂಟರ್‌ಮೀಡಿಯೇಟ್ ತರಬಹುದು. ಅದು ಸೆಕೆಂಡಿಗೆ ಸುಮಾರು 4-5 ಸೆಂಟಿಮೀಟರ್ ಇಳಿಯುತ್ತದೆ, ಒಂದು ಮೀಟರ್ ಇಳಿಯಲು ಇಪ್ಪತ್ತು-ಇಪ್ಪತ್ತೈದು ಎಣಿಸಬೇಕು. ಟೈಪ್ 3 ಅನ್ನುವ ಮುಳುಗು ಲೈನ್ ಸೆಕೆಂಡಿಗೆ 7-8 ಸೆಂಟಿಮೀಟರ್. ಇವೆಲ್ಲ ಆಮೇಲೆ. ಮೊದಲ ಲೈನೇ ಮುಳುಗುವುದು ಬೇಡ.

ಜಲಾಶಯದ ಮಾತು ಬಂದಿದ್ದರಿಂದ ಒಂದು ಎಚ್ಚರಿಕೆ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಶಿಂಷಾ ನದಿಗೆ ಕಟ್ಟಿದ ಅಣೆಯಲ್ಲಿ ಸೈಫನ್ ಇದೆ. ನೀರಿನ ಮಟ್ಟ ಏರಿದರೆ ಅದು ತಾನಾಗಿಯೇ ಹೊರಗೆ ನೀರು ಚೆಲ್ಲಲು ಶುರು ಮಾಡುತ್ತದೆ, ಯಾರೂ ಗೇಟ್ ಎತ್ತಬೇಕಾಗಿಲ್ಲ. ಮಳೆಗಾಲದಲ್ಲಿ ಅದರ ಕೆಳಗೆ ಹೋಗಿ ನಿಲ್ಲಬೇಡಿ.

6. ಬಿಸಿಲಿಗೆ ತಡೆಯುವ ಲೈನ್

ಫ್ಲೈ ಲೈನ್‌ನ ಒಳಗೆ ನೈಲಾನ್ ಎಳೆ, ಅದರ ಮೇಲೆ ಪಿವಿಸಿ ಲೇಪ. ಏರ್‌ಫ್ಲೋದಂಥ ಕಂಪನಿ ಪಾಲಿಯುರೆಥೇನ್ ಲೇಪ ಬಳಸುತ್ತದೆ. ತಣ್ಣೀರಿನ ಟ್ರೌಟ್‌ಗೆ ಮಾಡಿದ ಲೈನ್‌ನಲ್ಲಿ ಈ ಲೇಪ ಮೆತ್ತಗಿರುತ್ತದೆ, ಚಳಿಯಲ್ಲಿ ಸುರುಳಿ ಆಗದಿರಲಿ ಅಂತ. ಅದನ್ನು ಏಪ್ರಿಲ್ ಮಧ್ಯಾಹ್ನ ಶಿರಾ ಕಡೆಯ ಕೆರೆಗೆ ತಂದರೆ ಲೈನ್ ಜೋಲುತ್ತದೆ, ಅಂಟಂಟಾಗುತ್ತದೆ, ರಾಡ್‌ನ ಉಂಗುರದಲ್ಲಿ ಜಾರುವುದಿಲ್ಲ. ಹೊರಗೆ 35 ಡಿಗ್ರಿ ದಾಟಿರುತ್ತದೆ, ಕಲ್ಲು ಇನ್ನೂ ಕಾದಿರುತ್ತದೆ.

ಇನ್ನೊಂದು ತುದಿ ಟ್ರಾಪಿಕಲ್ ಲೈನ್, ಬಿಸಿ ಸಮುದ್ರದ ಮೀನಿಗೆ ಮಾಡಿದ್ದು. ಒಳಗಿನ ಎಳೆ ಬಿರುಸು. ಬೇಸಿಗೆಯಲ್ಲಿ ಇದಕ್ಕೆ ಎಣೆಯಿಲ್ಲ. ಆದರೆ ಡಿಸೆಂಬರ್ ಬೆಳಗ್ಗೆ ನಂದಿ ಬೆಟ್ಟದ ತಪ್ಪಲಿನ ಕೆರೆಗೆ ಒಯ್ದರೆ, 15 ಡಿಗ್ರಿ ಆಸುಪಾಸಿನ ಚಳಿಗೆ, ಸುರುಳಿ ಸುರುಳಿಯಾಗಿ ಎದ್ದು ನಿಲ್ಲುತ್ತದೆ. ಬಾಸ್ ಲೈನ್ ಇವೆರಡರ ನಡುವಿನದು. ವರ್ಷಪೂರ್ತಿ ಒಂದೇ ಲೈನ್ ಅನ್ನುವವರಿಗೆ ಇದೇ ಸರಿ. ಡಬ್ಬಿಯ ಮೇಲೆ ‘ವಾರ್ಮ್’ ಅಥವಾ ‘ಟ್ರಾಪಿಕಲ್’ ಅಂತ ಇಲ್ಲದೆ ‘ಕೋಲ್ಡ್’ ಅಂತ ಇದ್ದರೆ ವಾಪಸ್ ಇಡಿ.

ಬಣ್ಣ? ನಿಮಗೆ ಕಾಣುವ ಬಣ್ಣ. ಹಳದಿ, ಕಿತ್ತಳೆ, ತಿಳಿ ಹಸಿರು ಯಾವುದಾದರೂ. ಫ್ಲೈ ಪಕ್ಕದಲ್ಲಿ ಇರುವುದು ಲೀಡರ್ ಅನ್ನುವ ಪಾರದರ್ಶಕ ದಾರ, ಲೈನ್ ಅಲ್ಲ.

7. ರೀಲಿಗೆ ಸುತ್ತುವುದು

ಮೊದಲು ಬ್ಯಾಕಿಂಗ್, ಅಂದರೆ ಲೈನ್‌ನ ಹಿಂದೆ ಹಾಕುವ ಹೆಣೆದ ದಾರ. 20 ಪೌಂಡ್ ಎಳೆತ ತಡೆಯುವ ಡೇಕ್ರಾನ್ ದಾರ 50 ಮೀಟರ್ ಸಾಕು. ಕೊರಮೀನು ಅಷ್ಟು ದೂರ ಓಡುವುದಿಲ್ಲ, ಅದು ಎಲೆಯೊಳಕ್ಕೆ ನುಗ್ಗುತ್ತದೆ. ಬ್ಯಾಕಿಂಗ್ ಬೇಕಾಗಿರುವುದು ರೀಲ್ ತುಂಬಿಸಲು. ಒಳಗಿನ ಸಣ್ಣ ಸುತ್ತಿಗೆ ಲೈನ್ ಬಿದ್ದರೆ ಸುರುಳಿ ಹಿಡಿಯುತ್ತದೆ.

ವೇಟ್ ಫಾರ್ವರ್ಡ್ ಲೈನ್‌ನ ಹಿಂದಿನ ತುದಿಗೆ ‘ಈ ತುದಿ ರೀಲಿಗೆ’ ಅಂತ ಚೀಟಿ ಅಂಟಿಸಿರುತ್ತಾರೆ. ಅದನ್ನು ನೋಡದೆ ಕಿತ್ತು ಬಿಸಾಡಬೇಡಿ. ಉಲ್ಟಾ ಸುತ್ತಿದರೆ ತೆಳ್ಳನೆ ಭಾಗ ಮುಂದೆ ಬರುತ್ತದೆ, ಎಷ್ಟು ಬೀಸಿದರೂ ಫ್ಲೈ ಹೋಗುವುದಿಲ್ಲ. ಇಬ್ಬರು ಸೇರಿ ಸುತ್ತಿ. ಒಬ್ಬರು ಡಬ್ಬಿಯನ್ನು ಪೆನ್ಸಿಲ್ ಮೇಲೆ ತಿರುಗಲು ಬಿಟ್ಟು ಹಿಡಿಯಲಿ. ಡಬ್ಬಿಯ ಬದಿಯಿಂದ ಎಳೆದರೆ ಲೈನ್ ತಿರುಚಿಕೊಳ್ಳುತ್ತದೆ.

8. ಲೀಡರ್: ಲೈನ್ ಉಳಿಯುವುದು ಇಲ್ಲಿಂದ

ಲೀಡರ್ ಅಂದರೆ ಲೈನ್‌ಗೂ ಫ್ಲೈಗೂ ನಡುವಿನ ಪಾರದರ್ಶಕ ನೈಲಾನ್. ದಪ್ಪ ಫ್ಲೈಗೆ 6ರಿಂದ 7.5 ಅಡಿ ಸಾಕು. 9 ಅಡಿ ಹಾಕಿದರೆ ಬಾಸ್ ಲೈನ್‌ನ ಬಲ ದಾರಿಯಲ್ಲೇ ಸೋರಿಹೋಗುತ್ತದೆ. ಕೊನೆಯ ಭಾಗಕ್ಕೆ ಟಿಪೆಟ್ ಅನ್ನುತ್ತಾರೆ, 15-16 ಪೌಂಡ್ ಇರಲಿ. ಕೊರಮೀನಿಗೆ ಹಲ್ಲಿದೆ. ಅದಕ್ಕೆ ಫ್ಲೈ ಹತ್ತಿರ ಒಂದು ಗೇಣು 30-40 ಪೌಂಡ್‌ನ ದಪ್ಪ ನೈಲಾನ್ ಸೇರಿಸಿ.

ಈಗ ಎಚ್ಚರ. ಫ್ಲೈ ಲೈನ್‌ನ ಒಳಗಿನ ಎಳೆ ಸಾಮಾನ್ಯವಾಗಿ 20ರಿಂದ 30 ಪೌಂಡ್‌ಗೆ ತುಂಡಾಗುತ್ತದೆ. ಎಲ್ಲಾದರೂ ಒಂದು ಕಡೆ ಟಿಪೆಟ್ ಅದಕ್ಕಿಂತ ದುರ್ಬಲ ಇರಲೇಬೇಕು. ಕೆಲವರು ‘ಕೊರಮೀನಿಗೆ ಗಟ್ಟಿ ದಾರ ಬೇಕು’ ಅಂತ 40 ಪೌಂಡ್ ಬ್ರೇಡ್, ಅಂದರೆ ಹೆಣೆದ ದಾರವನ್ನು ನೇರವಾಗಿ ಕಟ್ಟಿಬಿಡುತ್ತಾರೆ. ಜಾಲಿ ಮೋಟಿಗೆ ಸಿಕ್ಕಿ ಎಳೆದಾಗ ಸಾವಿರಾರು ರೂಪಾಯಿಯ ಲೈನೇ ಮಧ್ಯಕ್ಕೆ ಹರಿಯುತ್ತದೆ. ಸಿಕ್ಕಿಕೊಂಡರೆ ರಾಡ್ ಬಗ್ಗಿಸಬೇಡಿ. ರಾಡ್ ತುದಿಯನ್ನು ಸಿಕ್ಕಿದ ಕಡೆಗೆ ನೇರ ಹಿಡಿದು, ಕೈಗೆ ಟವೆಲ್ ಸುತ್ತಿಕೊಂಡು ಲೈನ್ ಎಳೆಯಿರಿ. ಟಿಪೆಟ್ ಹರಿಯುತ್ತದೆ, ಹೋಗುವುದು ಒಂದು ಫ್ಲೈ ಮಾತ್ರ.

9. ಏರಿಯ ಮೇಲೆ

ಮೊದಲು ತಲೆ ಎತ್ತಿ ನೋಡಿ. ಕರೆಂಟ್ ತಂತಿ ಹಾದಿದ್ದರೆ ಆ ಜಾಗ ಬಿಡಿ. ಕಾರ್ಬನ್ ರಾಡ್‌ನಲ್ಲಿ ವಿದ್ಯುತ್ ಹರಿಯುತ್ತದೆ.

ಎಸೆಯುವ ಮುಂಚೆ ಮೂವತ್ತು-ನಲವತ್ತು ಅಡಿ ಲೈನ್ ಹೊರತೆಗೆದು, ತೋಳಗಲ ತೋಳಗಲ ಹಿಡಿದು ಮೆಲ್ಲಗೆ ಜಗ್ಗಿ. ಸುರುಳಿ ಹೋಗುತ್ತದೆ. ಕೈಗೆಳೆದುಕೊಂಡ ಲೈನನ್ನು ಕಾಲಡಿ ಬಿಡಬೇಡಿ. ಏರಿಯ ಒಳಮೈಯ ಕಲ್ಲುಗಳ ಸಂದಿಗೆ ಜಾರಿ ಲೇಪ ಕಿತ್ತುಬರುತ್ತದೆ, ಜಾಲಿ ಮುಳ್ಳಂತೂ ಚುಚ್ಚಿಯೇ ಬಿಡುತ್ತದೆ. ಸೊಂಟಕ್ಕೆ ಒಂದು ಪ್ಲಾಸ್ಟಿಕ್ ಟಬ್ ಕಟ್ಟಿಕೊಂಡು ಅದರೊಳಗೆ ಬಿಡಿ. ನೋಡಿದವರು ಹೂ ಕೀಳಲು ಬಂದಿದ್ದೀರಾ ಅನ್ನುತ್ತಾರೆ, ಅನ್ನಲಿ.

ಡೀಟ್ ಇರುವ ಸೊಳ್ಳೆ ಔಷಧಿ ಪ್ಲಾಸ್ಟಿಕ್ ಕರಗಿಸುತ್ತದೆ. ಅದನ್ನು ಹಚ್ಚಿದ ಅಂಗೈಯಲ್ಲಿ ಲೈನ್ ಮುಟ್ಟಬೇಡಿ. ಪೆಟ್ರೋಲ್, ಸನ್‌ಸ್ಕ್ರೀನ್ ಕೂಡ ಕೆಟ್ಟದ್ದೇ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ರೀಲ್ ಬಿಡಬೇಡಿ.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಎಚ್.ಎನ್. ವ್ಯಾಲಿ ನೀರು ಚಿಕ್ಕಬಳ್ಳಾಪುರದ ಕಡೆಗೆ. ನೀರು ಹಸಿರಾಗಿರುವ ಕೆರೆಯಲ್ಲಿ ಲೈನ್‌ಗೆ ಬೇಗ ಪಾಚಿ ಹಿಡಿಯುತ್ತದೆ. ಪಾಚಿ ಹಿಡಿದ ಲೈನ್‌ನ ತುದಿ ಮುಳುಗುತ್ತದೆ. ತುದಿ ಮುಳುಗಿದರೆ ಪಾಪರ್ ‘ಪಳಕ್’ ಅನ್ನುವುದಿಲ್ಲ, ನೀರೊಳಕ್ಕೇ ಹೋಗುತ್ತದೆ. ಮನೆಗೆ ಬಂದ ಮೇಲೆ ಉಗುರುಬೆಚ್ಚಗಿನ ನೀರಿಗೆ ನಾಲ್ಕು ಹನಿ ಸೌಮ್ಯ ಸೋಪು ಹಾಕಿ, ಮೆತ್ತನೆ ಬಟ್ಟೆಯ ಮಡಿಕೆಯಲ್ಲಿ ಲೈನ್ ಎಳೆಯಿರಿ. ಬಟ್ಟೆಗೆ ಹಸಿರು ಗೆರೆ ಮೂಡುತ್ತದೆ. ಅದು ನಿಲ್ಲುವ ತನಕ ಮಾಡಿ, ಶುದ್ಧ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಪಾತ್ರೆ ತೊಳೆಯುವ ಖಾರದ ಲಿಕ್ವಿಡ್ ಬೇಡ, ಅದು ಲೇಪದ ಜಿಡ್ಡನ್ನೂ ತೆಗೆದುಬಿಡುತ್ತದೆ.

ಒರೆಸುವಾಗ ಬೆರಳಿಗೆ ಬಿರುಕು ತಾಗುತ್ತದೆಯೇ ನೋಡಿಕೊಳ್ಳಿ. ಬಿರುಕು ಮುಂದಿನ ಒಂದು ಅಡಿಯೊಳಗೆ ಇದ್ದರೆ ಅಷ್ಟನ್ನು ಕತ್ತರಿಸಿ ಹೊಸದಾಗಿ ಲೀಡರ್ ಕಟ್ಟಬಹುದು. ಹೆಡ್‌ನ ನಡುವೆ ಇದ್ದರೆ ಒಳಗೆ ನೀರು ಹೋಗುತ್ತದೆ, ಆ ಲೈನ್ ಇನ್ನು ಸರಿಯಾಗಿ ತೇಲುವುದಿಲ್ಲ. ಅದನ್ನು ಮೈದಾನದಲ್ಲಿ ಎಸೆತ ಕಲಿಯಲು ಇಟ್ಟುಕೊಂಡು, ಕೆರೆಗೆ ಹೊಸದು ತನ್ನಿ.